ವಿಭೂತಿ ಬಿದ್ದ ಹಾಲಿನ ಪುಡಿ

ನನ್ನ ಅಕ್ಷರ ದುಂಡಗಿಲ್ಲ, ಪದಗಳೂ ಕಡಿಮೆ. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು ನಾನು. ಒತ್ತಕ್ಷರ ತಪ್ಪಿದ್ದರೆ ಓದುವವರು ತಿದ್ದಿಕೊಂಡು ಮನ್ನಿಸಬೇಕು. ಆದರೆ ಇಲ್ಲಿ ಬರೆದಿರುವುದರಲ್ಲಿ ಯಾವುದನ್ನೂ ನಾನು ಹೆಚ್ಚು ಮಾಡಿಲ್ಲ. ಕೆಲವು ಮಾತುಗಳನ್ನು ಊರೇ ಕೇಳಿದೆ, ಕೆಲವನ್ನು ಮೃತ್ಯುಂಜಯಣ್ಣನವರೇ ಅಂಗಡಿ ಕಟ್ಟೆಯ ಮೇಲೆ ಹೇಳಿಕೊಂಡಿದ್ದಾರೆ. ಉಳಿದದ್ದು ನಮ್ಮ ಪಕ್ಕದ ಮನೆಯ ಗುರುಮಲ್ಲಮ್ಮಜ್ಜಿ, ಅಂದರೆ ಮೃತ್ಯುಂಜಯಣ್ಣನವರನ್ನು ಹೆತ್ತ ತಾಯಿ, ನನಗೆ ಹೇಳಿದ್ದು.

ಚಂದಕವಾಡಿಯ ಬಸ್‌ಸ್ಟ್ಯಾಂಡಿನ ಎದುರಿಗೆ ಮೃತ್ಯುಂಜಯಣ್ಣನವರ ದಿನಸಿ ಅಂಗಡಿ ಇದೆ. ಅವರು ಚಾಮರಾಜನಗರದಲ್ಲಿ ಬಿ.ಕಾಂ. ಓದಿದವರು. ಓದಿದ್ದನ್ನು ಮರೆತಿದ್ದರೂ, ಓದಿದ್ದೇನೆ ಎಂಬುದನ್ನು ಒಂದು ದಿನವೂ ಮರೆತವರಲ್ಲ. ಬೆಳಿಗ್ಗೆ ಹಣೆಗೂ ತೋಳಿಗೂ ವಿಭೂತಿ ಹಚ್ಚಿ, ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು ಗಲ್ಲಾದ ಮುಂದೆ ಕೂತರೆ, ಬಂದವರಿಗೆ ಪೇಪರ್ ಓದಿ ಹೇಳುವುದೂ ಅವರೇ, ಅದರ ಅರ್ಥ ಬಿಡಿಸುವುದೂ ಅವರೇ. ಶುಚಿ ಎಂದರೆ ಏನು ಎಂಬುದು ಅವರಿಗೆ ಬಹಳ ಇಷ್ಟವಾದ ವಿಷಯ. ಹೋಟೆಲಿನವರಿಗೆ ಶುಚಿ ಇಲ್ಲ, ಕೇರಳದವರಿಗೆ ಶುಚಿ ಇಲ್ಲ, ಈಗಿನ ಹೆಣ್ಣುಮಕ್ಕಳಿಗಂತೂ ಮೊದಲೇ ಇಲ್ಲ.

ಅಂಗಡಿಯ ಒಳಗಿನ ಕಥೆ ಬೇರೆ. ಬಿಸಾಡು ಎಂಬ ಮಾತು ಅವರ ಬಾಯಲ್ಲಿ ಬಂದದ್ದನ್ನು ಕೇಳಿದವರಿಲ್ಲ. ರವೆಯಲ್ಲಿ ಹುಳು ಬಿದ್ದರೆ ಜರಡಿ ಆಡಿಸಿ, ಬೇರೆ ಡಬ್ಬಕ್ಕೆ ಸುರಿದು, ಸೋಸಿದ ರವೆ ಎಂದು ಹೆಸರಿಟ್ಟು ಮಾರುತ್ತಾರೆ. ಕೊಬ್ಬರಿಗೆ ಬೂಷ್ಟು ಹಿಡಿದರೆ ಒರೆಸಿ ಎಣ್ಣೆ ಸವರುತ್ತಾರೆ. ಡೇಟು ದಾಟಿದ ಪ್ಯಾಕೆಟ್ಟುಗಳನ್ನು ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಡೇಟು ಒರೆಸಿ ಮುಂದಿನ ಸಾಲಿಗೆ ಜೋಡಿಸುತ್ತಾರೆ. ಒಮ್ಮೆ ಪುಣಜನೂರಿನ ಕಡೆಯಿಂದ ಬಂದ ಹೆಂಗಸೊಬ್ಬಳು ಬಿಸ್ಕತ್ತಿನ ಪ್ಯಾಕೆಟ್ಟನ್ನು ವಾಪಸ್ ತಂದಿದ್ದಳು.

"ಅಣ್ಣ, ಇದು ಮುಗ್ಗುಲು ವಾಸ್ನೆ ಒಡೀತದೆ. ಮಕ್ಕ ತಿನ್ನಕಿಲ್ಲ ಅಂತವೆ."

"ಡೇಟು ನೋಡ್ದಾ?"

"ಅಳಿಸೋಗದೆ ಕಣಣ್ಣ."

"ಡೇಟೇ ಇಲ್ದಿದ್ಮೇಲೆ ಅದು ಮುಗುದೋಗದೆ ಅಂತ ನೀನು ಎಂಗೇಳ್ತೀಯಮ್ಮಿ?"

ಕಟ್ಟೆಯ ಮೇಲಿದ್ದವರು ನಕ್ಕರು. ಹೆಂಗಸು ಪ್ಯಾಕೆಟ್ಟನ್ನು ಸೆರಗಿಗೆ ಕಟ್ಟಿಕೊಂಡು ಬಸ್ಸು ಹತ್ತಿದಳು. ಆ ಉತ್ತರವನ್ನು ಮೃತ್ಯುಂಜಯಣ್ಣನವರು ಮುಂದೆ ಎಷ್ಟೋ ಸಲ ತಾವೇ ಹೇಳಿಕೊಂಡು ತಾವೇ ನಕ್ಕಿದ್ದಾರೆ.

ಗುರುಮಲ್ಲಮ್ಮಜ್ಜಿ ಮಾತ್ರ ಮಗನ ಅಂಗಡಿಯ ಸಾಮಾನು ಮುಟ್ಟುವುದಿಲ್ಲ. ಉಮ್ಮತ್ತೂರಿನಿಂದ ಈ ಊರಿಗೆ ಮದುವೆಯಾಗಿ ಬಂದವರು, ನಾಲಿಗೆ ಚುರುಕು. ಬೇಳೆ, ಬೆಲ್ಲ, ರವೆ ಎಲ್ಲವನ್ನೂ ಚಾಮರಾಜನಗರದ ಸಂತೆಯಿಂದ ಚೀಲದಲ್ಲಿ ಹೊತ್ತು ತರುತ್ತಾರೆ, ಅದೂ ಮಗನ ಅಂಗಡಿಯ ಮುಂದೆಯೇ ಬಸ್ಸಿಳಿದು.

"ನಮ್ಮ ಅಂಗಡೀಲಿ ಇಲ್ದೇ ಇರೋದು ಏನವ್ವ ಅಲ್ಲಿರೋದು?" ಎಂದು ಮಗ ಕೇಳಿದರೆ, "ಅಲ್ಲಿ ಉಳ ಕಮ್ಮಿ ಕಣ್ಲಾ" ಎಂದು ಹೇಳಿ ಮನೆ ಕಡೆ ನಡೆಯುತ್ತಾರೆ.

ಮೃತ್ಯುಂಜಯಣ್ಣನವರಿಗೆ ಇದ್ದದ್ದು ಒಂದೇ ಆಸೆ. ಊರಾಚೆಯ ಗದ್ದುಗೆ ಮಠದ ದಾಸೋಹ ಸಮಿತಿಗೆ ತಾವು ಅಧ್ಯಕ್ಷರಾಗಬೇಕು. ಅದಕ್ಕೆ ಅಮಾವಾಸ್ಯೆಯ ಊಟಕ್ಕೆ ದಾನ ಕೊಟ್ಟವರ ಪೈಕಿ ಹೆಸರು ಎದ್ದು ಕೇಳಬೇಕು. ದಾನ ಕೊಡುವವರು ಮೂಟೆಯನ್ನು ವಾರ ಮೊದಲೇ ತಂದು ಗದ್ದುಗೆಯ ಮುಂದೆ ಇಡುವುದು ಪದ್ಧತಿ. ಅಯ್ಯನವರು ಮೂಟೆಯ ಮೇಲೆ ವಿಭೂತಿ ಎಳೆಯುತ್ತಾರೆ, ಮಠದ ಆಳು ಸೋಮಣ್ಣ ಮೈಕಿನಲ್ಲಿ ಹೆಸರು ಕೂಗುತ್ತಾನೆ. ವಿಭೂತಿ ಬಿದ್ದ ಮೇಲೆ ಮೂಟೆ ದೇವರದ್ದು. ಅಕ್ಕಿಯಲ್ಲಿ ಕಲ್ಲಿದ್ದರೆ ಆರಿಸಿ ಬೇಯಿಸಬೇಕೇ ಹೊರತು ಕೊಟ್ಟವರು ವಾಪಸ್ ಒಯ್ಯುವ ಹಾಗಿಲ್ಲ. ಒಯ್ದರೆ ಆ ಮನೆತನಕ್ಕೆ ದೇವರ ಉಗ್ರಾಣಕ್ಕೆ ಕೈ ಹಾಕಿದವರು ಎಂಬ ಹೆಸರು ನಿಲ್ಲುತ್ತದೆ.

ಈ ಬೇಸಿಗೆಯ ಅಮಾವಾಸ್ಯೆಗೆ ರಸಾಯನ ಮಾಡುವುದೆಂದು ಗೊತ್ತಾಗಿತ್ತು. ಮೃತ್ಯುಂಜಯಣ್ಣನವರು ಹಾಲಿನ ಪುಡಿಯ ಮೂಟೆಗಳನ್ನು ಕೊಟ್ಟರು. ತಮಿಳುನಾಡಿನ ಕಡೆಯ, ಯಾರೂ ಹೆಸರು ಕೇಳಿರದ ಒಂದು ಸಣ್ಣ ಕಂಪನಿಯ ಪುಡಿ ಅದು. ವಿಭೂತಿ ಬಿತ್ತು, ಹೆಸರು ಕೂಗಿಯಾಯಿತು.

ಅದಾದ ಮೇಲೆ ಕಂಪನಿಯಿಂದ ಮೊಬೈಲಿಗೆ ಸಂದೇಶ ಬಂತು. ತಮಿಳಿನಿಂದಲೋ ಇಂಗ್ಲಿಷಿನಿಂದಲೋ ಯಾರೋ ಅವಸರದಲ್ಲಿ ಕನ್ನಡ ಮಾಡಿದ್ದರು. 'ಈ ಲಾಟಿನ ಹಾಲಿನ ಪುಡಿ ರಸಾಯನ ಪರೀಕ್ಷೆಯಲ್ಲಿ ವಿಫಲಗೊಂಡಿದೆ. ರೋಗಾಣು ಕಂಡುಬಂದಿದೆ. ಮಾರಾಟ ಮತ್ತು ಬಳಕೆ ನಿಲ್ಲಿಸಿ ಮರಳಿಸಿ.'

ಮೃತ್ಯುಂಜಯಣ್ಣನವರು ಮೊದಲು ಬೆವೆತರು. ಮಠಕ್ಕೆ ಹೋಗಿ, ಎಲ್ಲರ ಮುಂದೆ, ವಿಭೂತಿ ಬಿದ್ದ ಮೂಟೆಗಳನ್ನು ಹೊತ್ತು ತರುವುದನ್ನು ನೆನೆಸಿಕೊಂಡರೇ ಹೊರತು ಉಣ್ಣುವವರ ಹೊಟ್ಟೆಯನ್ನಲ್ಲ. ಮತ್ತೆ ಸಂದೇಶ ಓದಿದರು. ಈ ಸಲ ಮೊದಲನೇ ಸಾಲು ಅವರನ್ನು ಕಾಪಾಡಿತು. ರಸಾಯನ ಪರೀಕ್ಷೆ. ಲ್ಯಾಬಿನವರಿಗೆ ಆ ಪದದ ಅರ್ಥ ಏನೇ ಇರಲಿ, ನಮ್ಮಲ್ಲಿ ರಸಾಯನ ಎಂದರೆ ಬಾಳೆಹಣ್ಣು, ಬೆಲ್ಲ, ಕಾಯಿತುರಿ, ಹಾಲು ಕಲೆಸಿದ ಸಿಹಿ. ಪುಡಿಯನ್ನು ರಸಾಯನಕ್ಕೆ ಹಾಕಿ ನೋಡಿದ್ದಾರೆ, ಹಣ್ಣಿನ ಜೊತೆ ಅದು ಒಡೆದಿದೆ, ಅಷ್ಟೇ. ಹಾಗಾದರೆ ರಸಾಯನ ಮಾಡದಿದ್ದರಾಯಿತು. ಎರಡನೇ ಸಾಲನ್ನೂ ಅವರು ಓದಿದರು. ಅದರ ಅರ್ಥ ಬಿಡಿಸುವ ಗೋಜಿಗೆ ಹೋಗಲಿಲ್ಲ.

ಮಠದ ಅಡುಗೆಯ ಮರಿಮಲ್ಲಪ್ಪನಿಗೆ ಕೂಡಲೇ ಫೋನ್ ಮಾಡಿದರು.

"ಮರಿಮಲ್ಲಪ್ಪ, ರಸಾಯನ ಬ್ಯಾಡ ಕಣ್ಲಾ."

"ಯಾಕಣ್ಣ? ಬಾಳೆಗೊನೆ ಬಂದು ಮಾಗಿ ಕುಂತವೆ."

"ಹಣ್ಣು ಅಂಗೇ ಎಲೆಗೆ ಹಾಕು. ಪುಡೀಲಿ ಬಾದಾಮಿ ಹಾಲು ಮಾಡನ. ಸೆಕೆ ಅಲ್ವಾ, ಐಸು ನಾನು ಕಳಿಸ್ತೀನಿ."

"ಕಾಯಿಸ್ಬೇಕಾ?"

"ಕಾಯಿಸಿದ್ರೆ ಅದು ತಣ್ಣಗಾಗೋದು ಯಾವಾಗ್ಲಾ? ನೀರಿಗೆ ಕಲೆಸಿ ಅಂತ ಮೂಟೆ ಮೇಲೇ ಬರೆದದೆ. ಓದಕ್ಕೆ ಬರ್ಬೇಕು."

ಮಾರನೆಯ ದಿನ ಕಂಪನಿಯ ಏಜೆಂಟ್ ಬಸವಪ್ರಸಾದ್ ಸಾಮಾನಿನ ಗಾಡಿ ತೆಗೆದುಕೊಂಡು ಚಾಮರಾಜನಗರದಿಂದ ಬಂದ. ಇನ್ನೂ ಮೀಸೆ ಸರಿಯಾಗಿ ಬಾರದ ವಯಸ್ಸು, ಕತ್ತಿನಲ್ಲಿ ಕಂಪನಿಯ ಬಿಲ್ಲೆ.

"ಸಾರ್, ಮೆಸೇಜ್ ನೋಡಿದ್ರಾ? ಮೂಟೆ ಕೊಟ್ಬಿಡಿ."

"ಜಾಸ್ತಿ ಇರೋದು ಗದ್ದುಗೆ ಮುಂದೆ. ವಿಭೂತಿ ಬಿದ್ದದೆ."

"ವಿಭೂತಿ ಬಿದ್ರೆ ರೋಗಾಣು ಸಾಯ್ತದಾ ಸಾರ್?"

"ಯಾವೂರೋನಯ್ಯ ನೀನು? ಗದ್ದುಗೆ ವಿಷಯದಲ್ಲಿ ನಾಲ್ಗೆ ಬಿಗಿ ಹಿಡ್ಕೊ. ಈ ಮಾತು ಊರಲ್ಲಿ ಯಾರ ಕಿವಿಗಾದ್ರೂ ಬಿದ್ರೆ ಗಾಡಿ ಆಚೆ ಓಗಕಿಲ್ಲ."

ಬಸವಪ್ರಸಾದ್ ಸುತ್ತ ನೋಡಿದ. ಅವನಿಗೂ ಬಿಸಿಲು, ಅವನಿಗೂ ಊಟದ ಹೊತ್ತು. "ಹಂಗಾದ್ರೆ ಎಲ್ಲಾ ಖರ್ಚಾಗಿದೆ ಅಂತ ಬರ್ಕೊಳ್ಳಲಾ ಸಾರ್?" ಎಂದು ಕೇಳಿದ. "ಬರ್ಕೊ" ಎಂದರು ಮೃತ್ಯುಂಜಯಣ್ಣನವರು. ಅಂಗಡಿಯ ಹಿಂದಿನ ಕೋಣೆಯಲ್ಲಿ ಉಳಿದ ಮೂಟೆಗಳು ಗೋಡೆಗೆ ಒರಗಿಕೊಂಡಿದ್ದವು. ಏಜೆಂಟ್ ಇಣುಕಿ ನೋಡಲಿಲ್ಲ. ಟೀ ಕುಡಿದು ಖಾಲಿ ಗಾಡಿಯಲ್ಲಿ ಹಿಂತಿರುಗಿದ.

ಅಮಾವಾಸ್ಯೆಯ ದಿನ ಮಠದ ಅಂಗಳ ಕಾದ ಹೆಂಚಿನ ಹಾಗಿತ್ತು. ಡ್ರಮ್ಮಿನಲ್ಲಿ ಬಾದಾಮಿ ಹಾಲು, ಮೇಲೆ ತೇಲುವ ಐಸು, ಹಳದಿ ಬಣ್ಣ. ಸೋಮಣ್ಣ ಮೈಕು ಹಿಡಿದು, "ಇವತ್ತಿನ ತಂಪು ಬಾದಾಮಿ ಹಾಲಿನ ಸೇವೆ, ದಿನಸಿ ಅಂಗಡಿ ಮೃತ್ಯುಂಜಯಣ್ಣನವರದು" ಎಂದು ಕೂಗಿದಾಗಲೆಲ್ಲ ಅವರು ಕೈ ಮುಗಿಯುತ್ತಿದ್ದರು. ಯಾರೋ ಅವರಿಗೂ ಒಂದು ಲೋಟ ತಂದುಕೊಟ್ಟರು. "ನನಗೆ ಶುಗರ್ ಕಣಪ್ಪ" ಎಂದು ಲೋಟವನ್ನು ಪಕ್ಕದವರಿಗೆ ದಾಟಿಸಿದರು. ಅವರಿಗೆ ಸಕ್ಕರೆ ಕಾಯಿಲೆ ಇರುವುದು ಅಲ್ಲಿಯವರೆಗೆ ಅವರ ಮನೆಯವರಿಗೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ಸಾಲಿನ ತುದಿಯಲ್ಲಿ ಗುರುಮಲ್ಲಮ್ಮಜ್ಜಿ ಲೋಟ ಎತ್ತುವುದು ಕಂಡಿತು. ಬೆಳಗಿನಿಂದ ಉಪವಾಸವಿದ್ದವರು. ಮೃತ್ಯುಂಜಯಣ್ಣನವರು ಜನರನ್ನು ಸರಿಸಿಕೊಂಡು ಹೋಗಿ ತಾಯಿಯ ಲೋಟದ ಮೇಲೆ ಕೈ ಇಟ್ಟರು.

"ನೀನು ಕುಡೀಬ್ಯಾಡ ಕಣವ್ವ. ಶೀತ ಆಯ್ತದೆ."

"ಬೆಂಕಿಯಂಥ ಬಿಸಿಲಲ್ಲಿ ಯಾವ ಶೀತ್ಲಾ? ಊರೋರ್ಗೆಲ್ಲ ಕೊಟ್ಬುಟ್ಟು ಎತ್ತ ತಾಯಿ ಲೋಟಕ್ಕೆ ಕೈ ಅಡ್ಡ ಇಕ್ತೀಯಾ?"

ಸಾಲಿನವರು ನಕ್ಕರು. "ಒಂದ್ಲೋಟ ಕುಡೀಲಿ ಬುಡಣ್ಣ, ಕಮ್ಮಿ ಆಗಕಿಲ್ಲ" ಎಂದು ಯಾರೋ ಅಂದರು. ಇನ್ನೊಂದು ಮಾತು ಸಾಕಿತ್ತು. ಕೆಟ್ಟಿದೆ ಎಂದು ಹೇಳಿದ್ದರೆ ಡ್ರಮ್ಮನ್ನೇ ಚೆಲ್ಲುತ್ತಿದ್ದರು, ತಾಯಿಯೂ ಉಳಿಯುತ್ತಿದ್ದರು, ಊರೂ ಉಳಿಯುತ್ತಿತ್ತು. ಮೃತ್ಯುಂಜಯಣ್ಣನವರು ಸುತ್ತಲಿನ ಮುಖಗಳನ್ನು ನೋಡಿದರು. ತಮ್ಮನ್ನು ಹಡೆದವಳನ್ನೂ ನೋಡಿದರು, ಅಧ್ಯಕ್ಷಗಿರಿಯನ್ನೂ ನೋಡಿದರು, ಲೋಟದ ಮೇಲಿನ ಕೈ ತೆಗೆದರು. ಅಜ್ಜಿ ಗಟಗಟನೆ ಕುಡಿದರು. ಯಾಕೆ ಕುಡಿದಿರಿ, ಮಗ ಕೊಟ್ಟದ್ದನ್ನು ನೀವು ಮುಟ್ಟುವುದೇ ಇಲ್ಲವಲ್ಲ ಎಂದು ಆಮೇಲೆ ನಾನು ಕೇಳಿದ್ದಕ್ಕೆ, "ಅಂಗಡೀದಾಗಿದ್ರೆ ಮುಟ್ತಿರ್ನಿಲ್ಲ ಕಣಮ್ಮಿ. ಈಬೂತಿ ಬಿದ್ದಿತ್ತಲ್ಲ" ಎಂದರು.

ಮರುದಿನದಿಂದ ಊರು ಮಲಗಿತು. ವಾಂತಿ, ಭೇದಿ, ಜ್ವರ. ಆಂಬುಲೆನ್ಸು ಸಾಲದೆ ಹಾಲಿನ ಟೆಂಪೋದಲ್ಲೂ ಜನರನ್ನು ಚಾಮರಾಜನಗರದ ಆಸ್ಪತ್ರೆಗೆ ಸಾಗಿಸಿದರು. ಮರಿಮಲ್ಲಪ್ಪನೂ ಡ್ರಿಪ್ ಹಾಕಿಸಿಕೊಂಡು ಮಲಗಿದ. ಗುರುಮಲ್ಲಮ್ಮಜ್ಜಿಗೆ ಕಣ್ಣು ಗುಳಿ ಬಿದ್ದು ಮಾತು ಕುಗ್ಗಿತ್ತು. ಮೃತ್ಯುಂಜಯಣ್ಣನವರು ಇಸ್ತ್ರಿ ಶರ್ಟಿನಲ್ಲಿಯೇ ವಾರ್ಡಿನಿಂದ ವಾರ್ಡಿಗೆ ಓಡಾಡಿದರು. ಒಬ್ಬರ ಹತ್ತಿರ ಮಠದ ಟ್ಯಾಂಕಿನ ನೀರು ಸರಿಯಿಲ್ಲ ಎಂದರು, ಇನ್ನೊಬ್ಬರ ಹತ್ತಿರ ಬಾಳೆಗೆ ಔಷಧಿ ಹೊಡೆದಿದ್ದಾರೆ ಎಂದರು, ಮರಿಮಲ್ಲಪ್ಪ ನಿದ್ದೆ ಹೋದಾಗ ಮರಿಮಲ್ಲಪ್ಪ ಕೈ ತೊಳೆಯುವುದಿಲ್ಲ ಎಂದರು.

ಅಜ್ಜಿಯ ಹಾಸಿಗೆಯ ಹತ್ತಿರ ಡಾಕ್ಟರಮ್ಮ ಬಂದು, ಊಟದಲ್ಲಿ ಔಷಧಿಯೋ ರಸಾಯನವೋ ಏನಾದರೂ ಬಿದ್ದಿತ್ತಾ ಎಂದು ವಿಚಾರಿಸಿದರು.

"ಇಲ್ಲ ಮೇಡಂ, ರಸಾಯನ ಮಾಡ್ಲೇ ಇಲ್ಲ" ಎಂದರು ಮೃತ್ಯುಂಜಯಣ್ಣನವರು. "ಮಾಡ್ಬೇಕು ಅಂತ ಇತ್ತು. ನಾನೇ ಬ್ಯಾಡ ಅಂತ ನಿಲ್ಲಿಸ್ದೆ."

"ಯಾಕೆ ನಿಲ್ಲಿಸಿದ್ರಿ?"

ಮೃತ್ಯುಂಜಯಣ್ಣನವರು ಇಸ್ತ್ರಿ ಶರ್ಟಿನ ಕಾಲರ್ ಸರಿಮಾಡಿಕೊಂಡರು. ಡಾಕ್ಟರಮ್ಮ ಮತ್ತೆ ಕೇಳಿದರು. "ಸೆಕೆ ಇತ್ತು, ಅದಕ್ಕೆ" ಎಂದರು. ಬಾಳೆಹಣ್ಣಿನ ರಸಾಯನಕ್ಕೂ ಸೆಕೆಗೂ ಏನು ಸಂಬಂಧ ಎಂಬುದು ಅವರಿಗೂ ಹೊಳೆಯಲಿಲ್ಲ.

ಹಾಸಿಗೆಯಿಂದ ಅಜ್ಜಿಯ ದನಿ ಸಣ್ಣಗೆ ಕೇಳಿತು. "ಅಮ್ಮ, ಇವ್ನ ಮೊಬೈಲ್ ಇಸ್ಕೊಂಡು ನೋಡಿ, ಅವತ್ತು ಅದ್ರಲ್ಲಿ ಏನೋ ಓದಿ ಬೆವ್ತು ಮರಿಮಲ್ಲಪ್ಪಂಗೆ ಫೋನ್ ಮಾಡ್ದ. ನನ್ನ ಲೋಟ ಇಡ್ಕೊಂಡಿದ್ದು ಶೀತಕ್ಕಲ್ಲ ಅನ್ನೋದು ಈಗ ಗೊತ್ತಾಯ್ತು. ಇವ್ನಿಗೆ ತಿಳ್ದಿತ್ತು." ಸ್ವಲ್ಪ ಉಸಿರು ತೆಗೆದುಕೊಂಡು ಮಗನ ಕಡೆ ತಿರುಗಿದರು. "ಉಳ ಜರಡಿ ಆಡ್ಸಿ ಮಾರೋನು ಅಂದ್ಕೊಂಡಿದ್ದೆ ಕಣ್ಲಾ. ನೀನು ಅದಕ್ಕಿಂತ್ಲೂ ಕೀಳು."

ಮೊಬೈಲಿನ ಸಂದೇಶ ಹೊರಬಿತ್ತು. ಅಧಿಕಾರಿಗಳು ಮಠದಲ್ಲಿ ಉಳಿದಿದ್ದ ಪುಡಿಯನ್ನು ಸೀಲು ಮಾಡಿ ಒಯ್ದರು. ಅಂಗಡಿಯಲ್ಲಿ ಇದೆಯಾ ಎಂದು ಕೇಳಿದ್ದಕ್ಕೆ, ಎಲ್ಲಾ ಖರ್ಚಾಗಿದೆ, ಏಜೆಂಟನ್ನೇ ಕೇಳಿ ಎಂದರು ಮೃತ್ಯುಂಜಯಣ್ಣನವರು. ಏಜೆಂಟೂ ಹಾಗೆಯೇ ಹೇಳಿದ. ಹಿಂದಿನ ಕೋಣೆಯ ಬಾಗಿಲಿಗೆ ಬೆಲ್ಲದ ಪಿಂಡಿಗಳನ್ನು ಅಡ್ಡ ಪೇರಿಸಿದ್ದರು.

ಯಾರೂ ಸಾಯಲಿಲ್ಲ. ಅದನ್ನೇ ಅವರು ಈಗ ಅಂಗಡಿ ಕಟ್ಟೆಯಲ್ಲಿ ಗದ್ದುಗೆಯ ಮಹಿಮೆ ಎಂದು ಹೇಳುತ್ತಾರೆ. ಕನ್ನಡ ಸರಿಯಾಗಿ ಬಾರದವರು ಸಂದೇಶ ಬರೆದದ್ದೇ ಎಲ್ಲಕ್ಕೂ ಕಾರಣ ಎಂದೂ, ರಾಸಾಯನಿಕ ಎಂದು ಬರೆಯಬೇಕಿತ್ತು ಎಂದೂ ಕೂತವರಿಗೆ ವ್ಯಾಕರಣ ಬಿಡಿಸಿ ಹೇಳುತ್ತಾರೆ. ಡ್ರಿಪ್ಪಿನ ಬ್ಯಾಂಡೇಜು ಇನ್ನೂ ಕೈಯಲ್ಲಿರುವವರೇ ತಲೆ ಆಡಿಸುತ್ತಾರೆ.

ಅಜ್ಜಿ ಮನೆಗೆ ಬಂದಿದ್ದಾರೆ. ಗೋಡೆ ಹಿಡಿದು ನಡೆಯುತ್ತಾರೆ. ಇವತ್ತು ಮಧ್ಯಾಹ್ನ ಒಳಗೆ ಮಲಗಿದ್ದಾಗ ಹಿತ್ತಲಲ್ಲಿ ಮಗ ಫೋನಿನಲ್ಲಿ ಮಾತಾಡಿದ್ದು ಅವರಿಗೆ ಕೇಳಿಸಿತು. ಬೆಲ್ಲದ ಹಿಂದೆ ಇದ್ದ ಮೂಟೆಗಳನ್ನು ಮೃತ್ಯುಂಜಯಣ್ಣನವರು ನಿನ್ನೆಯೇ ಗುಂಡ್ಲುಪೇಟೆಗೆ ಸಾಗಿಸಿದ್ದಾರೆ, ಊಟಿ ರಸ್ತೆಯಲ್ಲಿ ಲಸ್ಸಿ, ಮಿಲ್ಕ್ ಶೇಕ್ ಮಾಡುವ ಒಂದು ಜ್ಯೂಸ್ ಅಂಗಡಿಗೆ. ಅಜ್ಜಿ ಎದ್ದು ಹೋಗಿ ಕೇಳಿದರು.

"ಅಲ್ಲಿ ಕುಡಿಯೋರೆಲ್ಲ ಊಟಿಗೆ ಓಗೋ ಕಾರಿನೋರು ಕಣವ್ವ" ಎಂದರಂತೆ ಮೃತ್ಯುಂಜಯಣ್ಣನವರು. "ಒಟ್ಟೆ ಕೆಟ್ರೂ ಘಾಟಿ ಅತ್ತಿದ್ಮೇಲೆ ಕೆಡೋದು. ತಿರ್ಗಿ ಬಂದು ಕೇಳೋರು ಯಾರು?"

ಅಜ್ಜಿ ಇದನ್ನು ನನಗೆ ಹೇಳುವಾಗ ಮಗನ ಹೆಸರು ಎತ್ತಲಿಲ್ಲ. ಫೋನಿನ ಮಾತಿನಲ್ಲಿ ಕೇಳಿಸಿಕೊಂಡ ಜ್ಯೂಸ್ ಅಂಗಡಿಯ ಗುರುತು ಮಾತ್ರ ಹೇಳಿದರು, ಪೆಟ್ರೋಲ್ ಬಂಕ್ ದಾಟಿದ ಮೇಲೆ ಎಡಗಡೆ, ಹಸಿರು ಶೀಟಿನ ಮಾಡು. ಅವರು ಬಸ್ಸು ಹತ್ತುವ ಸ್ಥಿತಿಯಲ್ಲಿಲ್ಲ. ಅಪರಿಚಿತರ ಹತ್ತಿರ ಮಾತಾಡುವುದು ನನಗೆ ಕಷ್ಟ, ಆದ್ದರಿಂದ ಹೇಳಬೇಕಾದ್ದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಗುಂಡ್ಲುಪೇಟೆಗೆ ಹೋಗಿ ಆ ಅಂಗಡಿಯವರಿಗೆ ಹೇಳುತ್ತೇನೆ. ಅವರು ಕೇಳದಿದ್ದರೆ ಅಲ್ಲಿಯೇ ನಿಂತು, ಕುಡಿಯಲು ಬಂದವರಿಗೆ ಹೇಳುತ್ತೇನೆ.