ಬೀಗರ ಮನೆಯ ಮದ್ದು

ಬೇರೆಯವರ ಮನೆಯಲ್ಲಿ ನೀರು ಕುಡಿಯುವ ಮುನ್ನವೂ ಲೋಟದ ತಳ ನೋಡುವವಳು ನಮ್ಮವ್ವ. ಊಟದಲ್ಲಿ ಮದ್ದು ಹಾಕಿ ಮನುಷ್ಯರನ್ನು ಒಳಗೊಳಗೇ ಸವೆಸುತ್ತಾರೆ ಎಂಬ ಮಾತಿನಲ್ಲಿ ಅವಳಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಸೂಳೆಕೆರೆ ನೀರಿನ ಗದ್ದೆಯ ಅನ್ನ ಉಂಡು ಬೆಳೆದ ನನಗೂ ಆ ಕಣ್ಣನ್ನೇ ಕೊಟ್ಟು, ಎಪ್ಪತ್ತರ ದಶಕದ ಕೊನೆಯಲ್ಲಿ ಜಗಳೂರಿನ ಕಡೆ ಮದುವೆ ಮಾಡಿಕೊಟ್ಟಳು.

ಅಲ್ಲಿ ಅನ್ನ ಹಬ್ಬಕ್ಕೆ ಮಾತ್ರ. ದಿನವೂ ಜೋಳದ ರೊಟ್ಟಿ, ಹುರುಳಿ, ಅಲಸಂದೆ, ಜೊತೆಗೆ ಗುದ್ದಿ ಒಡೆದ ಹಸಿ ಈರುಳ್ಳಿ. ತಿಂಗಳು ತುಂಬುವುದರೊಳಗೆ ನನ್ನ ಹೊಟ್ಟೆ ಉಬ್ಬಿ ಗುಡುಗುಡು ಸದ್ದು ಮಾಡತೊಡಗಿತು. ಗಂಡನ ಪಕ್ಕ ಕೂರಲೂ ನಾಚಿಕೆ. ಅತ್ತೆ ತಾವೇ ಬಡಿಸಿ, ನಾನು ಉಂಡು ಮುಗಿಸುವವರೆಗೆ ಎದುರಿಗೆ ಕೂತು ನೋಡುತ್ತಿದ್ದರು. ತಾವು ಮಾತ್ರ ಎಲ್ಲರದ್ದೂ ಆದಮೇಲೆ ಒಲೆಯ ಮುಂದೆ ಒಬ್ಬರೇ ಉಣ್ಣುವರು. ನಾವು ಉಂಡದ್ದನ್ನೇ ಉಣ್ಣುತ್ತಾರೋ, ಬೇರೆಯದನ್ನೋ? ಈ ಅನುಮಾನ ನನ್ನನ್ನು ಬಿಡಲಿಲ್ಲ.

ಪಂಚಮಿಗೆ ತವರಿಗೆ ಬಂದೆ. ನಾಲ್ಕು ದಿನ ಅನ್ನ ಸಾರು ಉಂಡದ್ದೇ ತಡ, ಹೊಟ್ಟೆ ಇಳಿಯಿತು. ಅವ್ವನಿಗೆ ಇನ್ನೇನು ಸಾಕ್ಷಿ ಬೇಕು?

"ನೋಡ್ದ್ಯಾ, ನಮ್ಮನೆ ಅನ್ನ ಬಿದ್ದಕೂಡ್ಲೆ ಇಳೀತು. ಮದ್ದೇ ಹಾಕ್ಯಾಳೆ ಆಕೆ!"

ನ್ಯಾಮತಿ ಕಡೆಯ ಒಬ್ಬ ಮದ್ದು ತೆಗೆಯುವವನ ಬಳಿಗೆ ಎಳೆದೊಯ್ದಳು. ಅವನು ನನ್ನ ಅಂಗೈಗೆ ಯಾವುದೋ ಸೊಪ್ಪಿನ ರಸ ಹಿಂಡಿ, ಅದು ಗಟ್ಟಿಯಾದದ್ದನ್ನು ತೋರಿಸಿ, ಮದ್ದು ಬಿದ್ದಿದೆ ಎಂದ. ಕಷಾಯ ಕುಡಿಸಿ ವಾಂತಿ ಮಾಡಿಸಿದ. ಬಿದ್ದದ್ದರಲ್ಲಿ ಕಪ್ಪಗಿನದೊಂದನ್ನು ಕಡ್ಡಿಯಿಂದ ಎತ್ತಿ "ಇದೇ" ಎಂದ. ಬಗ್ಗಿ ನೋಡಿದೆ. ಬೆಳಗಿನ ಒಗ್ಗರಣೆಯ ಸಾಸಿವೆಯಂತೆಯೇ ಕಂಡಿತು. ಅವನ ಮೇಲೂ ಅನುಮಾನ ಬಂತು. ಇನ್ನು ನಿನ್ನನ್ನು ಆ ಮನೆಗೆ ಕಳಿಸುವುದಿಲ್ಲ ಎಂದಳು ಅವ್ವ.

ಕರೆಯಲು ಅತ್ತೆಯೇ ಬಂದರು. ಅವರು ಬರಿಗೈಯಲ್ಲಿ ಹೋದರೆ ನನ್ನ ಸಂಸಾರ ಅಲ್ಲಿಗೆ ಮುಗಿದಂತೆ. ಅವರು ಹೋಗಲಿಲ್ಲ, ಹಟ ಹಿಡಿದು ಉಳಿದರು. ಅವ್ವ ಹೊತ್ತುಹೊತ್ತಿಗೂ ಬಿಳಿ ಅನ್ನ, ತಿಳಿಸಾರು ಬಡಿಸಿದಳು. ಒಂದು ಬೆಳಿಗ್ಗೆ ಅತ್ತೆ ನನ್ನನ್ನು ಹಿತ್ತಲಿಗೆ ಕರೆದರು.

"ಹೊಟ್ಟೆ ಕಲ್ಲಾಗೈತೆ ಕಣವ್ವ, ಹೊರಕಡೀಗೆ ಹೋಗಾಕೇ ಆಗ್ತಿಲ್ಲ. ನಿಮ್ಮವ್ವ ನಂಗೇನೋ ಹಾಕ್ಯಾಳೆ."

ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಇಬ್ಬರನ್ನೂ ಹೊನ್ನಾಳಿಯ ಡಾಕ್ಟರೊಬ್ಬರ ಬಳಿಗೆ ಕರೆದುಕೊಂಡು ಹೋದೆ. ಅವ್ವ ಅತ್ತೆಯ ಎದುರಿಗೇ ಮದ್ದಿನ ಮಾತೆತ್ತಿದಳು. ತಮ್ಮ ಮೇಲೆ ಇಂಥ ಅನುಮಾನವಿದೆ ಎಂದು ಅತ್ತೆಗೆ ಗೊತ್ತಾದದ್ದು ಆಗಲೇ. ಡಾಕ್ಟರು ಕೇಳಿದ್ದು, ಏನು ಉಣ್ಣುತ್ತೀರಿ ಎಂದಷ್ಟೇ. ಕಾಳು, ಈರುಳ್ಳಿ, ಜೋಳದಲ್ಲಿ ನಮಗೆ ಅರಗದ ನಾರು, ಒಂದು ಬಗೆಯ ಸಕ್ಕರೆ ಇರುತ್ತದಂತೆ. ಅದು ದೊಡ್ಡ ಕರುಳಿಗೆ ಇಳಿದಾಗ ಅಲ್ಲಿರುವ ಕಣ್ಣಿಗೆ ಕಾಣದ ಜೀವಿಗಳು ಅದನ್ನು ತಿಂದು, ದೋಸೆ ಹಿಟ್ಟಿನಂತೆ ಹುಳಿಸಿ ಗಾಳಿ ಎಬ್ಬಿಸುತ್ತವಂತೆ. ಆ ಹುಳಿ ಕರುಳಿಗೆ ಒಳ್ಳೆಯದೇ. ಸ್ವಲ್ಪಸ್ವಲ್ಪವಾಗಿ ಉಂಡರೆ ಹೊಟ್ಟೆ ಒಗ್ಗುತ್ತದೆ. ಅತ್ತೆಯದು ತಿರುಗುಮುರುಗು: ನಮ್ಮ ಮನೆಯ ಬಿಳಿ ಅನ್ನದಿಂದ ಆ ಜೀವಿಗಳಿಗೆ ಉಪವಾಸ, ನಾರಿಲ್ಲದೆ ಮಲವೂ ಕಟ್ಟಿತ್ತು.

"ಹೊಟ್ಟೆಯಾಗಿನ ಹುಳಕ್ಕೆ ಉಣ್ಣಾಕೆ ಇಕ್ಕಬೇಕಂತೆ! ಈ ಡಾಕ್ಟ್ರೂ ಅವ್ರ ಕಡೆಯೋರೇ," ಎಂದು ಅವ್ವ ಎದ್ದು ಹೊರಟಳು.

ನಾನು ಅತ್ತೆಯ ಜೊತೆ ಜಗಳೂರಿನ ಬಸ್ಸು ಹತ್ತಿದೆ. ಪೂರ್ತಿ ನಂಬಿ ಅಲ್ಲ, ನೋಡೇಬಿಡೋಣ ಎಂದು. ಅಂದಿನಿಂದ ಅತ್ತೆ ರೊಟ್ಟಿ ಮುರಿದು, ಒಂದು ಚೂರು ನನ್ನೆದುರೇ ತಾವು ತಿಂದು, ಉಳಿದದ್ದನ್ನು ನನ್ನ ತಟ್ಟೆಗೆ ಇಡುತ್ತಿದ್ದರು. ಹೊಟ್ಟೆ ಮೆಲ್ಲಗೆ ಒಗ್ಗಿತು.

ಮುಂದೆ ನನಗೆ ಮಗಳು ಹುಟ್ಟಿ, ಅವಳ ಕಿವಿ ಚುಚ್ಚಿಸುವ ದಿನ ಅವ್ವ ಬಂದಳು, ಗಂಟಿನಲ್ಲಿ ತನ್ನ ಅಕ್ಕಿ ಕಟ್ಟಿಕೊಂಡು. ಅತ್ತೆ ಎಂದಿನಂತೆ ರೊಟ್ಟಿ ಮುರಿದು, ಚೂರು ತಿಂದು, ಉಳಿದದ್ದನ್ನು ಚಾಚಿದರು. ಅವ್ವ ನನ್ನ ಮುಖ ನೋಡಿದಳು, ಆಮೇಲೆ ತಿಂದಳು. ಮಧ್ಯಾಹ್ನ ಎಲ್ಲರೂ ಪಡಸಾಲೆಯಲ್ಲಿ ಕೂತಿದ್ದಾಗ ಅವ್ವನ ಹೊಟ್ಟೆ ಜೋರಾಗಿ ಗುಡುಗಿತು. ನನಗೆ ನಗು ತಡೆಯಲಾಗಲಿಲ್ಲ.

"ನಾನೇನೂ ಹಾಕಿಲ್ರೀ, ಬೀಗರೇ," ಎಂದರು ಅತ್ತೆ.

ತಮಾಷೆಗೆ ಅಂದರೆಂದುಕೊಂಡು ತಿರುಗಿ ನೋಡಿದೆ. ಅವರು ನಗದೆ ಎದ್ದು, ಒಳಗಿಂದ ಉಳಿದ ರೊಟ್ಟಿ ತಂದು, ಅವ್ವನ ಎದುರಿಗೇ ಮುರಿದು ತಿನ್ನತೊಡಗಿದರು.