ಬೇರೆ ಲೋಟ ಕೇಳಿದ್ದು

ಸರ್ವೆ ಕೆಲಸಕ್ಕೆ ಬಿಸಿಲಲ್ಲಿ ಅಲೆದರೆ ನನ್ನ ತುಟಿಯ ಮೇಲೆ ನೀರುಗುಳ್ಳೆ ಏಳುತ್ತಿತ್ತು. ಅದು ಒಣಗುವವರೆಗೆ ಎಂಜಲು ಲೋಟ ಯಾರಿಗೂ ಕೊಡಬೇಡ, ಕೂಸುಗಳಿಗೆ ಮುತ್ತಿಡಬೇಡ ಎಂದು ಗೌರಿಬಿದನೂರಿನ ಡಾಕ್ಟರು ಹೇಳಿದ್ದರು.

ಸಾವಿರದ ಒಂಬೈನೂರ ಅರುವತ್ತರ ಆಸುಪಾಸಿನಲ್ಲಿ ಮಂಚೇನಹಳ್ಳಿ ಕಡೆ ಒಬ್ಬ ಜಮೀನ್ದಾರರ ಮನೆಗೆ ಹೋದೆ. ನಾನು ಊರಾಚೆ ಕೇರಿಯವನು. ಅಂಥ ಮನೆಗಳಲ್ಲಿ ನಮಗೆ ಒಳಗಿನ ಲೋಟ ಕೊಡುತ್ತಿರಲಿಲ್ಲ. ಆ ಮನೆಯ ಅಜ್ಜಿ ನನ್ನನ್ನು ನಡುಮನೆಯಲ್ಲೇ ಕೂರಿಸಿ, ಮೊಮ್ಮಗುವಿಗೆ ಹಾಲು ಕುಡಿಸುವ ಬೆಳ್ಳಿ ಲೋಟದಲ್ಲಿ ಮಜ್ಜಿಗೆ ತಂದರು.

"ನಂಗೆ ಬೇರೆ ಲೋಟ ಕೊಡಿ ಅಮ್ಮ," ಅಂದೆ.

ಅಜ್ಜಿಯ ಮುಖ ಸಪ್ಪಗಾಯಿತು. "ನಮ್ಮನೇಲಿ ಆ ಭೇದ ಬಿಟ್ಟಿದೀವಿ ಕಣಪ್ಪ."

"ಭೇದಕ್ಕಲ್ಲಮ್ಮ, ಈ ಗುಳ್ಳೆಗೆ. ಮಗೂಗೆ ಅಂಟುತ್ತೆ."

ಅಜ್ಜಿ ನನ್ನ ತುಟಿ ನೋಡಿದರು. ಒಳಗೆ ಹೋಗಿ, ಎಸೆದರೂ ನಷ್ಟವಿಲ್ಲದ್ದೇನಾದರೂ ಇದೆಯೇ ಎಂದು ಹುಡುಕಿ, ಸಂಕೋಚದಿಂದಲೇ ಒಂದು ತೆಂಗಿನ ಚಿಪ್ಪು ತಂದರು.

ಚಿಪ್ಪಿನಲ್ಲಿ ಎಷ್ಟೋ ಮನೆಗಳ ಮುಂದೆ ಕುಡಿದಿದ್ದೇನೆ. ನಾನಾಗಿ ಕೇಳಿ ಕುಡಿದದ್ದು ಅದೊಂದೇ ಸಲ.