ಹೊಳೆಯುತ್ತಿದ್ದ ಕಂಬ

ಮುನಿನಾರಾಯಣಪ್ಪ ಬೂದಿಕೋಟೆ ಕಡೆಯವನು. ಉರಿಗಾಂನ ಚಿನ್ನದ ಗಣಿಯೊಂದರಲ್ಲಿ ಬಣ್ಣ ಬಳಿಯುವ ಕೆಲಸಕ್ಕೆ ಸೇರಿ ಹನ್ನೊಂದು ವರ್ಷವಾಗಿತ್ತು. ಗಣಿಯ ಬಾಯಿಯ ಮೇಲೆ, ಆಳುಗಳು ನಿಂತು ಗಣಿಗೆ ಇಳಿಯುವ ಕಬ್ಬಿಣದ ಪಂಜರ, ಆ ಕೇಜನ್ನು ಏರಿಸಿ ಇಳಿಸುವ ಗಾಲಿಗಳನ್ನು ಹೊತ್ತ ದೊಡ್ಡ ಕಬ್ಬಿಣದ ಗೋಪುರ. ಅದಕ್ಕೆ ತುಕ್ಕು ಹಿಡಿಯದಂತೆ ಕೆಂಪು ಬಣ್ಣ ಬಳಿಯುವುದು ಅವನ ಪಾಲಿನ ಕೆಲಸ. ಸೊಂಟಕ್ಕೆ ಹಗ್ಗ ಬಿಗಿದು ಸರಸರನೆ ಹತ್ತುತ್ತಿದ್ದ.

1936ರ ಒಂದು ಬೆಳಿಗ್ಗೆ, ಗೋಪುರದ ಕಂಬವೊಂದರ ಮೇಲೆ ಉಬ್ಬಿದ್ದ ಹಳೆಯ ಬಣ್ಣವನ್ನು ಕೆರೆಯುತ್ತಿದ್ದ. ಉಳಿ ಸರಕ್ಕನೆ ಒಳಕ್ಕೆ ಹೋಯಿತು. ಎಳೆದರೆ ತುಕ್ಕು ಹಪ್ಪಳದಂತೆ ಪದರಪದರವಾಗಿ ಉದುರಿತು. ತೂತಿನಲ್ಲಿ ಎರಡು ಬೆರಳು ಸಲೀಸಾಗಿ ತೂರಿದವು. ಮೂರು ವರ್ಷದ ಹಿಂದೆ, ಮಳೆಗಾಲದಲ್ಲಿ, ಒದ್ದೆ ತುಕ್ಕನ್ನು ಕೆರೆಯದೆ ಇದೇ ಕಂಬಕ್ಕೆ ಬಣ್ಣ ಬಳಿದವನು ಅವನೇ.

ಕೆಳಗೆ ಆಳುಗಳು ಕೇಜಿನೊಳಗೆ ಹೆಜ್ಜೆ ಇಡುತ್ತಿದ್ದರು. ಅವನು ಕಿರುಚುತ್ತಲೇ ಜಾರಿಕೊಂಡು ಇಳಿದ.

“ಕೇಜು ನಿಲ್ಸಣ್ಣಾ! ಕಂಬ ಒಳಗೇ ತಿಂದೋಗದೆ!”

ಮೇಸ್ತ್ರಿ ಶ್ರೀರಾಮಪ್ಪ ಗದರಿದ: “ಬೆಳಿಗ್ಗೇನೇ ಕುಡ್ದಿದ್ದೀಯೇನ್ಲಾ? ಬಣ್ಣ ಎಂಗೆ ಮಿಂಚ್ತದೆ ನೋಡು.”

“ಆ ಬಣ್ಣ ಬಳ್ದೋನು ನಾನೇ ಕಣಣ್ಣಾ. ತುಕ್ಕಿನ ಮ್ಯಾಲೇ ಬಳ್ದ್‌ಬುಟ್ಟೆ. ಮ್ಯಾಕತ್ತಿ ತೂತ್ಗೆ ಬೆಳ್ಳಾಕಿ ನೋಡು.”

ಮೇಸ್ತ್ರಿ ಹತ್ತಿದ. ಇಳಿದು ಬಂದಾಗ ಮುಖದಲ್ಲಿ ರಕ್ತವಿರಲಿಲ್ಲ. ಓಡಿಹೋಗಿ ಕೇಜು ನಿಲ್ಲಿಸುವ ಗಂಟೆ ಹೊಡೆಸಿದ.

ಕೇಜಿನಲ್ಲಿದ್ದವರು ಹೊರಬಂದರು. ರಾತ್ರಿ ಪಾಳಿಗೆ ಇಳಿದಿದ್ದವರು ನೆಲದೊಳಗಿನ ದಾರಿಯಲ್ಲಿ ನಡೆದು ಪಕ್ಕದ ಗಣಿಬಾವಿಯಿಂದ ಮೇಲೆ ಬಂದರು. ಮುನಿನಾರಾಯಣಪ್ಪ ಕಲ್ಲಿನ ಮೇಲೆ ಕೂತು ಒಬ್ಬೊಬ್ಬರ ಮುಖವನ್ನೂ ನೋಡಿದ. ಇವರೆಲ್ಲ ದಿನವೂ ಆ ಕಂಬವನ್ನು ನಂಬಿ ಇಳಿದಿದ್ದರು. ಯಾರೋ ನೀರು ಕೊಟ್ಟರು. ಲೋಟವನ್ನು ಆಗತಾನೆ ಮೇಲೆ ಬಂದವನೊಬ್ಬನಿಗೆ ದಾಟಿಸಿದ.

ಮಧ್ಯಾಹ್ನ ಎಂಜಿನಿಯರ್ ಸಾಹೇಬರು ವಿಚಾರಿಸಿದಾಗ ತಪ್ಪು ತನ್ನದೆಂದ. ಬೇರೆ ಯಾರ ಹೆಸರನ್ನೂ ಎತ್ತಲಿಲ್ಲ. ಹಿಂದೆ ನಿಂತಿದ್ದ ಶ್ರೀರಾಮಪ್ಪ ಪೇಟ ತೆಗೆದು ಮುಂದೆ ಬಂದ.

“ಕೆರ್ಯೋದು ಬ್ಯಾಡ, ಬ್ಯಾಗ ಮುಗ್ಸು ಅಂದೋನು ನಾನು ಸ್ವಾಮಿ.”

ಮುನಿನಾರಾಯಣಪ್ಪ ಬೆಚ್ಚಿ ತಿರುಗಿ ನೋಡಿದ. ಆ ಮಾತನ್ನು ಮೇಸ್ತ್ರಿ ಒಪ್ಪಿಕೊಳ್ಳುತ್ತಾನೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ.

ಶ್ರೀರಾಮಪ್ಪನ ಮೇಸ್ತ್ರಿಗಿರಿ ಹೋಯಿತು. ಮುನಿನಾರಾಯಣಪ್ಪನನ್ನು ಉಳಿಸಿಕೊಂಡರು. ಒಂಬತ್ತು ದಿನಕ್ಕೆ ಹೊಸ ಕಂಬ ನಿಂತಿತು. ಬಣ್ಣ ಬಳಿಯಲು ಅವನನ್ನೇ ಕರೆದರು. ನಾಲ್ಕು ಮೆಟ್ಟಿಲು ಹತ್ತಿ, ಕೆಳಗೆ ಕೇಜಿಗೆ ಕಾದು ನಿಂತವರನ್ನು ನೋಡಿದ. ಇಳಿದು, ಕುಂಚವನ್ನು ಇನ್ನೊಬ್ಬನ ಕೈಗೆ ಕೊಟ್ಟ.

ಆಮೇಲೆ ಗಣಿ ಬಿಟ್ಟು ಬಂಗಾರಪೇಟೆಯಲ್ಲಿ ಬಾಗಿಲು, ಕಿಟಕಿ, ಎತ್ತಿನಗಾಡಿಗಳಿಗೆ ಬಣ್ಣ ಬಳಿದು ಬದುಕಿದ. “ಒಂದು ಬಾಗ್ಲು ಕೆರ್ಯಕ್ಕೆ ಎರಡು ದಿನವಾ?” ಎಂದು ಜನ ರೇಗುತ್ತಿದ್ದರು. ಅವನು ತಲೆ ಎತ್ತದೆ ಕೆರೆಯುತ್ತಲೇ ಇರುತ್ತಿದ್ದ.